ಕಣ್ಣಿನ ನರ ಸೊರಗಿದ್ದು ಯಾಕೆ? ನಾಲ್ಕು ಪರೀಕ್ಷೆ, ನಾಲ್ಕು ಉತ್ತರ

ತೋಟದಲ್ಲಿ ನಡೆಯುವಾಗ ಕಾಫಿ ಗಿಡದ ಕೊಂಬೆ ಪದೇ ಪದೇ ಕಿವಿಯ ಹತ್ತಿರ ಹೊಡೆಯುತ್ತಿತ್ತು. ಗಮನ ಇಲ್ಲ ಅಂದುಕೊಂಡೆ. ಆಮೇಲೊಂದು ದಿನ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಪಕ್ಕದಿಂದ ಬಂದ ಸ್ಕೂಟರ್ ಕಾಣಲೇ ಇಲ್ಲ. ಹೆಂಡತಿ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಅಲ್ಲಿ ಓಸಿಟಿ ಅನ್ನೋ ಕಣ್ಣಿನ ಸ್ಕ್ಯಾನ್ ಮಾಡಿದರು. ನರ ಸೊರಗಿದೆ, ಗ್ಲಾಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗೋ ಕಾಯಿಲೆ) ಇರಬೇಕು ಅಂತ ರಾತ್ರಿ ಹಾಕಿಕೊಳ್ಳಲು ಡ್ರಾಪ್ಸ್ ಕೊಟ್ಟರು. ಕಣ್ಣಿನ ಒತ್ತಡ ನಾರ್ಮಲ್ ಇತ್ತು. ಒತ್ತಡ ಸರಿಯಿದ್ದೂ ಗ್ಲಾಕೋಮಾ ಬರುವುದುಂಟು, ಹಾಗಾಗಿ ನಂಬಿದೆ. ಐದು ತಿಂಗಳು ಹಾಕಿದೆ. ಕೊಂಬೆ ಹೊಡೆಯೋದು ನಿಲ್ಲಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋದಾಗ ಉಳಿದ ಮೂರು ಪರೀಕ್ಷೆಗಳೂ ಆದವು: ಫಂಡಸ್ ಫೋಟೋ, ಫೀಲ್ಡ್ ಟೆಸ್ಟ್, ಎಂಆರ್‌ಐ.

ಮಾಡಿಸಿಕೊಳ್ಳೋಕೆ ಓಸಿಟಿಯಷ್ಟು ಸುಲಭದ್ದು ಬೇರೆ ಇಲ್ಲ. ಗದ್ದ ಇಟ್ಟು ಒಂದು ಗುರುತು ನೋಡುತ್ತಾ ಕೂತರೆ ಕೆಲವೇ ಸೆಕೆಂಡ್. ಬೆಳಕಿನಿಂದಲೇ ಕಣ್ಣಿನ ಪದರಗಳನ್ನು ಅಳೆಯುತ್ತೆ. 1991ರಲ್ಲಿ ಬಂದ ತಂತ್ರ ಇದು. ನರದ ಸುತ್ತಲಿನ ಎಳೆಗಳ ಪದರ ಸಾಮಾನ್ಯವಾಗಿ ಸುಮಾರು 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಪ್ಪ ಇರುತ್ತೆ. ನನ್ನದು 74. ರಿಪೋರ್ಟ್ ಹಾಳೆ ತುಂಬಾ ಕೆಂಪು. ಕೆಂಪು ಅಂದರೆ ನಮ್ಮ ವಯಸ್ಸಿನ ಆರೋಗ್ಯವಂತ ನೂರು ಜನರಲ್ಲಿ ಒಬ್ಬರಿಗೂ ಇಷ್ಟು ತೆಳು ಇರೋದು ಕಷ್ಟ ಅಂತ, ಅಷ್ಟೇ. ಕಾರಣ ಅದು ಹೇಳಲ್ಲ. ದೊಡ್ಡ ಮೈನಸ್ ಪವರ್ ಇರುವವರಿಗೆ ಕಾಯಿಲೆ ಇಲ್ಲದೆಯೂ ಕೆಂಪು ಬರಬಹುದು.

ಆದರೆ ಕೆಂಪು ಎಲ್ಲಿದೆ ಅನ್ನೋದು ಮಾತಾಡುತ್ತೆ. ಗ್ಲಾಕೋಮಾದಲ್ಲಿ ಹೆಚ್ಚಾಗಿ ಮೇಲೆ ಕೆಳಗೆ ತೆಳುವಾಗುತ್ತೆ. ನನ್ನದು ಮೂಗಿನ ಕಡೆ, ಕಿವಿಯ ಕಡೆ ತೆಳುವಾಗಿತ್ತು. ಅಕ್ಷಿಪಟದ ನಡುಭಾಗವನ್ನೂ ಅಳೆದಾಗ ಎರಡೂ ಕಣ್ಣಲ್ಲಿ ಮೂಗಿನ ಕಡೆಯ ಅರ್ಧ ಮಾತ್ರ ತೆಳು, ನಡುವೆ ಗೆರೆ ಎಳೆದ ಹಾಗೆ. ಮೊದಲ ಕಡೆ ಆ ಎರಡನೇ ಹಾಳೆ ತೆಗೆದೇ ಇರಲಿಲ್ಲ. ಮೆಷಿನ್ ಅದೇ ನಮೂನೆಯದು ಅಲ್ವಾ, ಒಂದು ಬಟನ್ ಒತ್ತಿದ್ದರೆ ಸಾಕಿತ್ತು.

ಫಂಡಸ್ ಫೋಟೋ, ಅಂದರೆ ಕಣ್ಣಿನ ಒಳಗಿನ ಹಿಂಭಾಗದ ಫೋಟೋ, ಹಳೇ ಕಾಲದ್ದು ಅಂತ ನಾನು ತಾತ್ಸಾರ ಮಾಡಿದ್ದೆ. ಪಾಪೆ ಅಗಲವಾಗೋ ಡ್ರಾಪ್ಸ್ ಬೇರೆ ಹಾಕುತ್ತಾರೆ. ಮಧ್ಯಾಹ್ನದವರೆಗೆ ಬಿಸಿಲು ಚುಚ್ಚುತ್ತೆ, ಗಾಡಿ ಓಡಿಸೋ ಹಾಗಿಲ್ಲ. ಆದರೆ ಬಣ್ಣ ತೋರಿಸೋದು ಇದೊಂದೇ. ಗ್ಲಾಕೋಮಾ ಆದರೆ ನರದ ನಡುವಿನ ಗುಳಿ ಅಗಲವಾಗುತ್ತೆ, ಉಳಿದ ಅಂಚು ಸುಮಾರಾಗಿ ಕಿತ್ತಳೆ ಬಣ್ಣದಲ್ಲೇ ಇರುತ್ತೆ. ನನ್ನ ಗುಳಿ ಚಿಕ್ಕದು, ಅಂಚು ಮಾತ್ರ ಬಿಳಿಚಿಕೊಂಡಿತ್ತು. ಡಾಕ್ಟರು ಫೋಟೋ ನೋಡಿದ ಕೂಡಲೇ ಗ್ಲಾಕೋಮಾ ಡ್ರಾಪ್ಸ್ ನಿಲ್ಲಿಸಿ ಅಂದರು.

ಸುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ನೋಡೋ ಫೀಲ್ಡ್ ಟೆಸ್ಟ್ ಮಹಾ ಬೇಜಾರು. ಕತ್ತಲ ಕೋಣೆ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ನಿದ್ದೆ ಬಂದರೆ ರಿಪೋರ್ಟೇ ಕೆಡುತ್ತೆ. ನಾನು ಎರಡು ಸಲ ಮಾಡಿಸಬೇಕಾಯ್ತು. ಕೊನೆಗೆ ಎರಡೂ ಕಣ್ಣಿನ ಹೊರಗಿನ ಅರ್ಧ ಕಪ್ಪು. ಕೊಂಬೆ ಹೊಡೆಯುತ್ತಿದ್ದ ಜಾಗವೇ!

ಮೂಗಿನ ಕಡೆಯ ಎಳೆಗಳು ಹೊರಗಿನದನ್ನು, ಅಂದರೆ ಕಿವಿಯ ಕಡೆ ಇರೋದನ್ನು ನೋಡುತ್ತವೆ. ಎರಡೂ ಕಣ್ಣಿನ ಆ ಎಳೆಗಳು ಮೆದುಳಿನ ಅಡಿಯಲ್ಲಿ ಒಂದನ್ನೊಂದು ದಾಟುತ್ತವೆ. ಅಲ್ಲೇ ಏನೋ ಒತ್ತುತ್ತಿದೆ ಅಂತ ಗೊತ್ತಾಯ್ತು. ಏನು ಅಂತ ಎಂಆರ್‌ಐ ಹೇಳಿತು. ಬೇಲೂರು ಮೇಲೆ ಹಾಸನಕ್ಕೆ ಹೋಗಿ ಮಾಡಿಸಿದೆ. ಸದ್ದು ವಿಪರೀತ, ಖರ್ಚು ನಾಲ್ಕರಲ್ಲಿ ಜಾಸ್ತಿ. ಆ ಜಾಗದ ಕೆಳಗೇ ಇರೋ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ, ಕ್ಯಾನ್ಸರ್ ಅಲ್ಲ. ಮೂಗಿನ ಮೂಲಕವೇ ತೆಗೆದರು.

ಎರಡಕ್ಕೆ ಮಾತ್ರ ದುಡ್ಡಿದ್ದರೆ ನಾನು ಫೋಟೋ, ಫೀಲ್ಡ್ ಟೆಸ್ಟ್ ಆರಿಸುತ್ತಿದ್ದೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ, ಅದು ಬೇಕಾ ಅಂತ ಹೇಳೋದೂ ಈ ಎರಡೇ. ಓಸಿಟಿ ಪ್ರತಿ ಸಲದ ಅಂಕಿ ಹಿಡಿದು ಹೋಲಿಸೋಕೆ ಚೆನ್ನ.

ಆಪರೇಷನ್ ಆಗಿ ಮೂರು ತಿಂಗಳಿಗೆ ಫೀಲ್ಡ್ ಟೆಸ್ಟಿನ ಕಪ್ಪು ಮುಕ್ಕಾಲು ಹೋಗಿತ್ತು. ಓಸಿಟಿ ಮಾತ್ರ ಹಾಗೇ ಕೆಂಪು, 73. ಸತ್ತ ಎಳೆ ಮತ್ತೆ ಬೆಳೆಯಲ್ಲ, ಗಡ್ಡೆಯ ಒತ್ತಡಕ್ಕೆ ಸುಮ್ನೆ ಮಂಕಾಗಿದ್ದವು ಎದ್ದಿವೆ. ಬಲಗಡೆಯ ಕೊಂಬೆ ಈಗಲೂ ಆಗೀಗ ಹೊಡೆಯುತ್ತೆ.