ಘಾಟಿ ಇಳಿಯೋಕೆ ಮುಂಚೆ ಗಾಡಿ ತೋರಿಸಿದ ಗ್ಯಾರೇಜು, ನಾಲ್ಕು ಸ್ಟಾರ್

ದಸರಾ ರಜೆಗೆ ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗೋದು ಅಂತ ಇತ್ತು, ಹೋಗ್ತಾ ಮೂಡಿಗೆರೆ ಕೊಟ್ಟಿಗೆಹಾರ ಮೇಲೆ ಚಾರ್ಮಾಡಿ ಇಳಿಯೋದು, ಬರ್ತಾ ಶಿರಾಡಿ ಹತ್ತೋದು. ನಮ್ದು 2016 ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕು, 82 ಸಾವಿರ ಕಿಲೋಮೀಟರ್ ಓಡಿದೆ. ಬೆಂಗಳೂರಲ್ಲಿ ಇವತ್ತಿನವರೆಗೂ ಏನೂ ತೊಂದ್ರೆ ಕೊಟ್ಟಿಲ್ಲ, ಆದ್ರೆ ಇಲ್ಲಿನ ಟ್ರಾಫಿಕ್ಕಲ್ಲಿ ಮೂರನೇ ಗೇರ್ ಹಾಕಿದ್ರೇ ಹೆಚ್ಚು, ಬ್ರೇಕ್ ಹೆಂಗಿದೆ ಅಂತ ಗೊತ್ತಾಗೋದಾದ್ರೂ ಎಲ್ಲಿಂದ.

ಮೊದ್ಲು ಹೋಗಿದ್ದು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ, ಯಾವ್ದು ಅಂತ ಬೇಡ ಬಿಡಿ. ಎಸಿ ಲೌಂಜು, ಕಾಫಿ ಮೆಷಿನ್ನು, ಟ್ರಿಪ್ಪಿಗೆ ಹೋಗೋರಿಗೆ ಅಂತಾನೇ 40 ಪಾಯಿಂಟ್ ಚೆಕಪ್ಪು. ಎರಡು ಗಂಟೆ ಆದ್ಮೇಲೆ ಒಂದು ಶೀಟು ಕೊಟ್ರು, ನಲವತ್ತಕ್ಕೂ ಟಿಕ್ಕು, ಖುಷಿ ಆಯ್ತು. ಮನೆಗೆ ಬಂದು ಡಿಕ್ಕಿ ತೆಗೆದ್ರೆ ಊರಿಂದ ತಂದಿದ್ದ ತೆಂಗಿನಕಾಯಿ ಮೂಟೆ ಹೆಂಗಿತ್ತೋ ಹಂಗೇ ಕೂತಿದೆ, ಮ್ಯಾಟ್ ಮೇಲೆ ಉದುರಿದ್ದ ನಾರೂ ಅಲ್ಲಾಡಿಲ್ಲ. ಸ್ಟೆಪ್ನಿ ಇರೋದು ಆ ಮೂಟೆ ಕೆಳಗೆ ಸ್ವಾಮಿ! ಶೀಟಲ್ಲಿ ನೋಡಿದ್ರೆ ಸ್ಟೆಪ್ನಿ ಮುಂದೆ ದೊಡ್ಡದಾಗಿ ಟಿಕ್ಕು. ಅದ್ರ ಮೇಲೆ ಇಂಜಿನ್ ಫ್ಲಶ್ ಮಾಡ್ಸಿ ಅಂತ ಮೂರು ಸಲ ಫೋನು ಬೇರೆ.

ಆಫೀಸಲ್ಲಿ ಒಬ್ರು ಈ ಗ್ಯಾರೇಜ್ ಹೇಳಿದ್ರು. ನೋಡೋಕೆ ಏನೂ ಇಲ್ಲ, ತಗಡು ಶೆಡ್ಡು, ಮುಂದೆ ನಾಲ್ಕು ಗಾಡಿ ನಿಂತ್ರೆ ರಸ್ತೇನೇ ಬ್ಲಾಕು, ಕೂರೋಕೆ ಹಳೇ ಟೈರು. ಆದ್ರೆ ಇಲ್ಲಿ ಗಾಡಿ ಬಿಟ್ಟು ಹೋಗೋಕೆ ಬಿಡಲ್ಲ, ಪಕ್ಕದಲ್ಲೇ ನಿಂತ್ಕೊಳಿ ಸಾರ್ ಅಂತಾರೆ. ಯಾವ ರೂಟು, ಎಷ್ಟು ಜನ, ಲಗೇಜ್ ಎಷ್ಟು ಅಂತ ಮೊದ್ಲು ಕೇಳಿದ್ರು. ಚಾರ್ಮಾಡಿ ಅಂದ ತಕ್ಷಣ ಮೆಕ್ಯಾನಿಕ್ ಅಣ್ಣ ಸೀದಾ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ಬಿಚ್ಚಿದ್ರು, ನೋಡಿದ್ರೆ ಫಿಲ್ಟರ್ ಕಾಫಿ ಡಿಕಾಕ್ಷನ್ ಕಲರು. ಪೆನ್ ಥರ ಒಂದು ಟೆಸ್ಟರ್ ಅದ್ದಿದ್ರು, ಕೆಂಪು ಲೈಟ್ ಹತ್ತಿತು. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರ್ಕೊಳುತ್ತಂತೆ, ನಂಗೆ ಗೊತ್ತೇ ಇರ್ಲಿಲ್ಲ. ಡಾಟ್ 4 ಅನ್ನೋ ಗ್ರೇಡಿನ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೂ ಕುದಿಯಬಾರದು, ತೇವ ಸೇರ್ತಾ ಸೇರ್ತಾ ಅದು 155ರ ಹತ್ರಕ್ಕೆ ಇಳಿದುಬಿಡುತ್ತೆ, ಘಾಟೀಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಒಳಗೆ ಕುದ್ದು ಗುಳ್ಳೆ ಏಳುತ್ತೆ, ಆಮೇಲೆ ಪೆಡಲ್ ತುಳಿದ್ರೆ ಸ್ಪಾಂಜ್ ತುಳಿದಂಗೆ. ಎರಡು ವರ್ಷಕ್ಕೊಂದ್ಸಲ ಚೇಂಜ್ ಮಾಡ್ಬೇಕಂತೆ, ನಾನು ಯಾವತ್ತು ಮಾಡಿಸಿದ್ದೆ ಅಂತ ನೆನಪೇ ಇಲ್ಲ.

ಡಿಕ್ಕಿ ಖಾಲಿ ಮಾಡಿಸಿದ್ರು, ಸ್ಟೆಪ್ನೀಲಿ ಗಾಳಿ 12 ಇತ್ತು. ಡೋರ್ ಹತ್ರ ಸ್ಟಿಕ್ಕರಲ್ಲಿ ಇರ್ಬೇಕಾದ್ದು 33. ಒಂದು ದಿನಾನೂ ರೋಡ್ ನೋಡದ ಟೈರು, ಮುಳ್ಳು ಮುಳ್ಳು ಹೊಸದ್ರ ಥರಾನೇ ಇದೆ, ಆದ್ರೆ ಸೈಡಲ್ಲಿ ಕೂದಲೆಳೆ ಥರ ಬಿರುಕು. ಸೈಡಲ್ಲಿರೋ ನಾಲ್ಕು ನಂಬರ್ ತೋರ್ಸಿದ್ರು, 0816, ಅಂದ್ರೆ 2016ರ 8ನೇ ವಾರದಲ್ಲಿ ತಯಾರಾದ ಟೈರಂತೆ. ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗೋಕೆ ಓಕೆ, ಅದನ್ನ ಹಾಕ್ಕೊಂಡು ಹೈವೇಲಿ ಓಡಿಸ್ಬೇಡಿ ಅಂದ್ರು. ಹಿಂದಿನ ಎರಡು ಟೈರ್ ನಾನೇ ಚೇಂಜ್ ಮಾಡ್ಬಿಡಿ ಅಂತ ಹೇಳಿದ್ದಕ್ಕೆ, ಗೇಜ್ ಇಟ್ಟು ನೋಡಿ, ಟೈರಿನ ಮುಳ್ಳು ಇನ್ನೂ 3 ಎಂಎಂ ಮೇಲಿದೆ, 1.6ಕ್ಕೆ ಬಂದ್ರೆ ಮುಗೀತು, ಈಗ್ಲೇ ಯಾಕೆ ಸಾರ್ ದುಡ್ಡು ದಂಡ, ಮುಂದಿನ ಮಳೆಗಾಲದ ಮುಂಚೆ ಬನ್ನಿ ಅಂತ ವಾಪಸ್ ಕಳಿಸಿದ್ರು. ದುಡ್ಡು ಬೇಡ ಅನ್ನೋ ಮೆಕ್ಯಾನಿಕ್ಕನ್ನ ನಾನಂತೂ ಇವರಲ್ಲೇ ಮೊದ್ಲು ನೋಡಿದ್ದು.

ಹುಡುಗ ಒಬ್ಬ ಒಳಗೆ ಕೂತು ಬ್ರೇಕ್ ತುಳೀತಿದ್ದ, ನಾನು ಹಿಂದೆ ನಿಂತು ಲೈಟ್ ನೋಡ್ಬೇಕು. ಎಡಗಡೆ ಬ್ರೇಕ್ ಲೈಟೇ ಇಲ್ಲ! ಮಂಜಲ್ಲಿ ಹಿಂದಿನ ಬಸ್ಸವನಿಗೆ ನೀವು ಕಾಣೋದೇ ಅದ್ರಿಂದ ಅಂತ 30 ರೂಪಾಯಿ ಬಲ್ಬ್ ಹಾಕಿದ್ರು. (ಹೌದು, ಆ ಶೀಟಲ್ಲಿ ಇದಕ್ಕೂ ಟಿಕ್ ಇತ್ತು.) ವೈಪರ್ ರಬ್ಬರ್ ಹರಿದಿತ್ತು, ಅದೂ ಹೊಸದು. ಬ್ಯಾಟರಿ, ಕೂಲೆಂಟ್, ಬೆಲ್ಟು ಎಲ್ಲಾ ಸರಿ ಇದೆ ಅಂತ ಬೇಗ ಮುಗಿಸಿದ್ರು.

ಚೆಕಿಂಗ್ 300, ಬ್ರೇಕ್ ಆಯಿಲ್ ಕೂಲಿ ಸೇರಿ 750, ವೈಪರ್ 450, ಬಲ್ಬ್ 30, ಒಟ್ಟು 1,530. ಕಾರ್ಡ್ ತಗೊಳಲ್ಲ, ಕ್ಯಾಶ್ ಇಲ್ಲಾ ಯುಪಿಐ. ಬಿಲ್ ಅಂದ್ರೆ ನೋಟ್‌ಬುಕ್ ಹಾಳೆ. ಒಂದು ಗಂಟೆ ಅಂದಿದ್ದು ಮೂರೂವರೆ ಗಂಟೆ ಆಯ್ತು, ಮಧ್ಯದಲ್ಲಿ ಊಟಕ್ಕೂ ಎದ್ದು ಹೋದ್ರು.

ಚಾರ್ಮಾಡೀಲಿ ಬೆಳಿಗ್ಗೆ ಮಂಜು ಎಷ್ಟಿತ್ತು ಅಂದ್ರೆ ಮುಂದಿನ ಗಾಡಿ ಇಂಡಿಕೇಟರ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಅಣ್ಣ ಹೇಳಿದಂಗೆ ಎರಡನೇ ಗೇರಲ್ಲೇ ಇಳಿಸಿದೆ, ಬ್ರೇಕ್ ಕೊನೇ ತಿರುವಲ್ಲೂ ಗಟ್ಟಿ. ಕೆಳಗಡೆ ಒಂದು ಕಾರ್ ಸೈಡಿಗೆ ಹಾಕಿದ್ರು, ಮುಂದಿನ ಚಕ್ರದಿಂದ ಸುಟ್ಟ ವಾಸನೆ, ಪಾಪ ಡ್ರೈವರ್ ನೀರು ಎರಚೋಕೆ ಹೋಗ್ತಿದ್ರು, ನಿಲ್ಸಿ ಬೇಡ, ಕಾದ ಡಿಸ್ಕ್ ಮೇಲೆ ನೀರು ಬಿದ್ರೆ ಸೊಟ್ಟ ಆಗುತ್ತೆ, ತಾನಾಗೇ ಆರ್ಲಿ ಅಂದೆ. ಹಿಂದಿನ ಸೀಟಿಂದ ಅಮ್ಮ, ಆಯುಧಪೂಜೆ ನಿಂಬೆಹಣ್ಣು ಕೆಲಸ ಮಾಡ್ತು ನೋಡು ಅಂದ್ರು. ನಾನು ಸುಮ್ನಿದ್ದೆ.

ಹೋಗೋರು ಶನಿವಾರ ಹೋಗ್ಬೇಡಿ, ರಶ್ ಇರುತ್ತೆ, ವಾರದ ಮಧ್ಯೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಟ್ರಿಪ್ಪಿಗೆ ನಾಲ್ಕೈದು ದಿನ ಮುಂಚೇನೇ ಹೋಗಿ ಯಾಕಂದ್ರೆ ಪಾರ್ಟ್ ತರ್ಸಬೇಕಾದ್ರೆ ಟೈಮ್ ಬೇಕು, ಡಿಕ್ಕಿ ಮನೇಲೇ ಖಾಲಿ ಮಾಡ್ಕೊಂಡು ಹೋಗಿ. ಒಂದು ಸ್ಟಾರ್ ಕಟ್ ಮಾಡಿದ್ದು ಹುಡುಗ ಡ್ರೈವರ್ ಸೀಟಿಗೆ ಬಳಿದಿರೋ ಗ್ರೀಸಿಗೆ, ಎರಡು ಸಲ ಸೋಪ್ ಹಾಕಿ ಉಜ್ಜಿದೆ, ಇನ್ನೂ ಹೋಗಿಲ್ಲ.