‘ಮಿಲಿಟರಿ ಸಿಮ್ಯುಲೇಷನ್ ಕ್ಯಾಂಪ್’ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸೇನೆಗೆ ಸೇರಬೇಕು ಅಂತ ಆಸೆ ಇಟ್ಟುಕೊಂಡ ಹುಡುಗರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ‘ನಿಜವಾದ ಯುದ್ಧತಂತ್ರ ಕಲಿಸುತ್ತೇವೆ’ ಅಂತ ದುಡ್ಡು ಕೀಳುವವರು ನಮ್ಮ ಬೆಂಗಳೂರಿನಲ್ಲಿ ಇದ್ದಾರೆ. ನನ್ನ ಅಕ್ಕನ ಮಗ ಅಂಥದ್ದೊಂದು ವಾರಾಂತ್ಯದ ಕ್ಯಾಂಪಿಗೆ ಸೇರಿದ್ದ. ಫೀಸು 18,000 ರೂಪಾಯಿ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಲಕ್ಷಣ ಹೇಳುತ್ತೇನೆ, ಗುರುತು ಹಿಡಿಯೋಕೆ ಅಷ್ಟು ಸಾಕು.

ಅಕ್ಕ ದುಡ್ಡು ಕಟ್ಟಿದ ಮೇಲೆ ನನಗೆ ಫೋನ್ ಮಾಡಿದಳು. ‘ನೀನು ಯಾವಾಗಲೂ ಇಂಥ ಆಟಗಳನ್ನೇ ಆಡ್ತಿರ್ತೀಯಲ್ಲ, ಒಂದ್ಸಲ ಅವನ ಜೊತೆ ಹೋಗಿ ನೋಡ್ಕೊಂಡು ಬಾ’ ಅಂದಳು. ಪೋಷಕರು ಹಿಂದೆ ಕುರ್ಚಿ ಹಾಕಿಕೊಂಡು ಕೂರಬಹುದು ಅಂತ ಅವರೇ ಹೇಳಿದ್ದರಂತೆ. ಹಾಗಾಗಿ ಹೋದೆ.

ಮಾಗಡಿ ರಸ್ತೆ ಕಡೆ, ಒಂದು ಕಟ್ಟಡದ ಮೊದಲ ಮಹಡಿ. ಕಿಟಕಿಗೆಲ್ಲ ಕಪ್ಪು ಬಟ್ಟೆ, ಗೋಡೆ ಮೇಲೆ ಸೇನೆಯವರು ಮರೆಗೆ ಹಾಕುವ ಬಲೆ, ಸಾಲಾಗಿ ಕಂಪ್ಯೂಟರ್‌ಗಳು. ಕಲಿಸುವವರು ಮಿಲಿಟರಿ ಬಣ್ಣದ ಪ್ಯಾಂಟ್ ಹಾಕಿದ್ದರು. ಯಾವ ರೆಜಿಮೆಂಟ್‌ನಲ್ಲಿ ಇದ್ದಿರಿ ಸರ್ ಅಂತ ಒಬ್ಬ ಹುಡುಗನ ತಂದೆ ಕೇಳಿದರು. ‘ಅದು ಕಾನ್ಫಿಡೆನ್ಷಿಯಲ್’ ಅಂತ ಉತ್ತರ ಬಂತು. ನಮ್ಮ ಬೀದಿಯಲ್ಲಿ ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದು ನಿವೃತ್ತರಾದ ಹವಾಲ್ದಾರ್ ಅಂಕಲ್ ಒಬ್ಬರಿದ್ದಾರೆ. ಅವರನ್ನು ಕೇಳಿದರೆ ರೆಜಿಮೆಂಟು, ಕಂಪನಿ, ಅಲ್ಲಿ ಅಡುಗೆ ಮಾಡುತ್ತಿದ್ದವನ ಹೆಸರು, ಎಲ್ಲಾ ಹೇಳುತ್ತಾರೆ. ರೆಜಿಮೆಂಟ್ ಹೆಸರನ್ನೇ ಮುಚ್ಚಿಡುವ ಮಾಜಿ ಸೈನಿಕರನ್ನು ನಾನಂತೂ ಕಂಡಿಲ್ಲ.

ಸ್ಕ್ರೀನ್ ಮೇಲೆ ಬಂದದ್ದು ಆರ್ಮಾ 3. ‘ಸೇನೆಗಳು ತರಬೇತಿಗೆ ಬಳಸುವ ಸಾಫ್ಟ್‌ವೇರ್ ಇದೇ’ ಅಂತ ಅವರು ಶುರು ಮಾಡಿದರು. ಇದು ಅರ್ಧ ಸತ್ಯ. ಆರ್ಮಾ 3 ಅನ್ನು ಮಾಡಿದ್ದು ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್. ಅದು 2013ರಲ್ಲಿ ಬಂದ ಆಟ. ಅದೇ ಕಂಪನಿ 2001ರಲ್ಲಿ ಮಾಡಿದ್ದ ಆಪರೇಷನ್ ಫ್ಲ್ಯಾಶ್‌ಪಾಯಿಂಟ್ ಎಂಬ ಆಟದ ಬೇರಿನಿಂದ ವಿಬಿಎಸ್ ಅನ್ನುವ ತರಬೇತಿ ಸಾಫ್ಟ್‌ವೇರ್ ಹುಟ್ಟಿತು. ಅಮೆರಿಕದಂಥ ಹಲವು ದೇಶಗಳ ಸೇನೆಗಳು ಬಳಸುವುದು ಆ ವಿಬಿಎಸ್ ಅನ್ನು. ಅದನ್ನು ಮಾಡುವ ಕಂಪನಿ ಬೇರೆಯಾಗಿ, 2022ರಲ್ಲಿ ಬ್ರಿಟನ್‌ನ ಬಿಎಇ ಸಿಸ್ಟಮ್ಸ್ ಕೈಗೆ ಹೋಯಿತು. ನಮ್ಮ ಸೇನೆಗೂ ದೆಹಲಿಯಲ್ಲಿ ವಾರ್‌ಗೇಮ್ ಕೇಂದ್ರವೊಂದಿದೆ. ಅದೂ 2022ರಲ್ಲೇ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಜೊತೆ ಸಿಮ್ಯುಲೇಷನ್ ತರಬೇತಿಗಾಗಿ ಒಪ್ಪಂದ ಮಾಡಿಕೊಂಡಿತು. ಇದಕ್ಕೂ ಮಾಗಡಿ ರಸ್ತೆಯ ಮಹಡಿಗೂ ಏನು ಸಂಬಂಧ?

ಆರ್ಮಾ ಕೆಟ್ಟ ಆಟ ಅಂತ ಮಾತ್ರ ಅಂದುಕೊಳ್ಳಬೇಡಿ. ಸರಿಯಾಗಿ ಇಟ್ಟುಕೊಂಡು ಆಡಿದರೆ ಅದು ಬೆವರಿಳಿಸುತ್ತದೆ. ತೊಂದರೆ ಇದ್ದದ್ದು ಸೆಟ್ಟಿಂಗ್‌ನಲ್ಲಿ. ಒಬ್ಬ ಹುಡುಗ ಮೆನು ತೆರೆದಾಗ ಹಿಂದಿನಿಂದ ನನಗೆ ಕಾಣಿಸಿತು. ಕಷ್ಟದ ಮಟ್ಟ ‘ರಿಕ್ರೂಟ್’ನಲ್ಲಿತ್ತು. ಅಂದರೆ ಎಲ್ಲಕ್ಕಿಂತ ಸುಲಭದ್ದು. ಗುಂಡು ಬಿದ್ದರೆ ಏಟು ಕಡಿಮೆ, ಶತ್ರು ಎಲ್ಲಿದ್ದಾನೆ ಅಂತ ಆಟವೇ ಗುರುತು ಹಾಕಿ ತೋರಿಸುತ್ತದೆ, ಕ್ಯಾಮೆರಾ ಸೈನಿಕನ ಬೆನ್ನ ಹಿಂದಿದ್ದು ಗೋಡೆ ಆಚೆಯದ್ದೂ ಕಾಣುತ್ತದೆ. ಹೊಸಬರು ಕೈ ಪಳಗಿಸಿಕೊಳ್ಳಲಿ ಅಂತ ಇರುವ ಸೆಟ್ಟಿಂಗ್ ಅದು. ಅದನ್ನೇ ‘ನೂರಕ್ಕೆ ನೂರು ರಿಯಲಿಸ್ಟಿಕ್’ ಅಂತ ಮಾರುತ್ತಿದ್ದರು.

ಈಗ ಅಲ್ಲಿ ಕಲಿಸಿದ ತಂತ್ರದ ಒಂದು ಸ್ಯಾಂಪಲ್ ನೋಡಿ. ಒಂದು ಊರು, ಅದರ ಮುಂದೆ ಬಟ್ಟಬಯಲು, ಊರಿನ ಪಕ್ಕ ಒಂದು ಸಣ್ಣ ದಿಬ್ಬ. ಹುಡುಗರ ಕೈಯಲ್ಲಿ ಟ್ಯಾಂಕುಗಳೂ ಕಾಲಾಳುಗಳೂ ಇದ್ದಾರೆ. ‘ಟ್ಯಾಂಕ್ ಮುಂದೆ, ಹಿಂದೆ ಎಲ್ಲರೂ ಓಡಿ. ಸ್ಪೀಡೇ ರಕ್ಷಣೆ’ ಅಂದರು ಸರ್. ನನ್ನ ಅಳಿಯ ಕೈ ಎತ್ತಿದ. ‘ಸರ್, ಮೊದಲು ಹೊಗೆ ಹಾಕಲ್ವಾ? ದಿಬ್ಬದ ಮೇಲೆ ಯಾರಾದ್ರೂ ಇದ್ರೆ?’ ಅಂತ ಕೇಳಿದ. ‘ಜಾಸ್ತಿ ಯೋಚನೆ ಮಾಡೋನು ಆಫೀಸರ್ ಆಗಲ್ಲ’ ಅಂತ ಅವನ ಬಾಯಿ ಮುಚ್ಚಿಸಿದರು. ಎಲ್ಲರೂ ಓಡಿದರು. ಸೆಟ್ಟಿಂಗ್ ಹಾಗಿದ್ದದ್ದರಿಂದ ಗೆದ್ದೂಬಿಟ್ಟರು! ಚಪ್ಪಾಳೆ. ಯಾರು ಎಷ್ಟು ಜನರನ್ನು ಕೊಂದರು ಅಂತ ಸ್ಕೋರ್ ಓದಿದರು. ಮುಂದಿನ ಬ್ಯಾಚ್ ಬಂದು ಕೂತಿತು.

ನನಗೆ ಸಿಟ್ಟು ಬಂದದ್ದು ಇಲ್ಲೇ. 18,000 ಹೋದರೆ ಹೋಗಲಿ. ಸರಿಯಾದ ಪ್ರಶ್ನೆ ಕೇಳಿದ ಹುಡುಗನಿಗೆ ತಪ್ಪು ಉತ್ತರ ಕೊಟ್ಟು, ಅದೇ ಸರಿ ಅಂತ ಆಟದಲ್ಲೂ ಗೆಲ್ಲಿಸಿ ತೋರಿಸಿದರಲ್ಲ.

ಮನೆಗೆ ಬಂದ ಮೇಲೆ ಅದೇ ಬಯಲು, ಅದೇ ದಿಬ್ಬವನ್ನು ನಾನು ಕಾಂಬ್ಯಾಟ್ ಮಿಷನ್‌ನಲ್ಲಿ ಕಟ್ಟಿದೆ. ಇದು 2000ದಲ್ಲಿ ಶುರುವಾದ ಆಟಗಳ ಸಾಲು. ನನ್ನ ಹತ್ತಿರ ಇರುವುದು 2018ರಲ್ಲಿ ಬಂದ ಶಾಕ್ ಫೋರ್ಸ್ 2. ನೋಡೋಕೆ ಏನೂ ಚೆಂದ ಇಲ್ಲ, ಮರಗಳು ಪ್ಲಾಸ್ಟಿಕ್‌ನವು ಅನ್ನಿಸುತ್ತವೆ. ಆದರೆ ಅದರ ಲೆಕ್ಕ ಗಟ್ಟಿ. ಆಜ್ಞೆ ಕೊಟ್ಟು ಗುಂಡಿ ಒತ್ತಿದರೆ ಎರಡೂ ಕಡೆಯವರು ಒಟ್ಟಿಗೇ 60 ಸೆಕೆಂಡ್ ಓಡುತ್ತಾರೆ. ಆ ಒಂದು ನಿಮಿಷ ನಾವು ಕೈಕಟ್ಟಿ ನೋಡಬೇಕು, ನಡುವೆ ಏನೂ ಮಾಡುವ ಹಾಗಿಲ್ಲ. ಬೇಕಾದರೆ ಆ ನಿಮಿಷವನ್ನೇ ಮತ್ತೆ ಮತ್ತೆ ಓಡಿಸಿ, ಏನಾಯಿತು ಅಂತ ನೋಡಬಹುದು.

ಅಳಿಯ ಕ್ಯಾಂಪಿನಲ್ಲಿ ಕಲಿಸಿದ ಹಾಗೇ ಟಿ-72 ಟ್ಯಾಂಕುಗಳನ್ನು ಬಯಲಿಗೆ ಇಳಿಸಿದ. ದಿಬ್ಬದ ಮೇಲೆ ನಾನು ಒಂದೇ ಒಂದು ಕಾರ್ನೆಟ್ ಕ್ಷಿಪಣಿ ತಂಡ ಬಚ್ಚಿಟ್ಟಿದ್ದೆ. ಮೊದಲು ಬರೀ ಧೂಳು. ಆಮೇಲೆ ದಿಬ್ಬದ ಮೇಲೆ ಸಣ್ಣದೊಂದು ಹೊಗೆ. ಕ್ಷಿಪಣಿ ಬರುವುದು ಕಣ್ಣಿಗೆ ಕಾಣುತ್ತಿತ್ತು. ಮುಂದಿನ ಟ್ಯಾಂಕ್ ಹೋಯಿತು. ಹಿಂದೆ ಓಡುತ್ತಿದ್ದವರು ನೆಲ ಕಚ್ಚಿದರು. ಮುಂದಿನ ನಿಮಿಷದಲ್ಲಿ ಅವನು ‘ಓಡಿ’ ಅಂತ ಆಜ್ಞೆ ಕೊಟ್ಟರೂ ಅವರು ಏಳಲಿಲ್ಲ. ‘ಮಾಮ, ಇವ್ರು ಯಾಕೆ ನನ್ನ ಮಾತು ಕೇಳ್ತಿಲ್ಲ?’ ಅಂದ. ತಲೆ ಮೇಲೆ ಗುಂಡು ಹಾರುವಾಗ ಯಾರು ಮಾತು ಕೇಳುತ್ತಾರೆ? ಸಪ್ರೆಷನ್ ಅನ್ನುವುದು ಇದನ್ನೇ. ಶತ್ರುವನ್ನು ಕೊಲ್ಲಲೇಬೇಕು ಅಂತಿಲ್ಲ, ತಲೆ ಎತ್ತದ ಹಾಗೆ ಮಾಡಿದರೆ ನಮ್ಮವರು ಅಷ್ಟು ಹೊತ್ತಿನಲ್ಲಿ ಜಾಗ ಬದಲಿಸಬಹುದು. ಕಾಲಾಳು ತಂತ್ರದಲ್ಲಿ ಅರ್ಧ ಇದೇ ಇದೆ. ಕ್ಯಾಂಪಿನಲ್ಲಿ ಈ ಮಾತೇ ಬರಲಿಲ್ಲ.

ಕಾರ್ನೆಟ್ ಲೇಸರ್ ಕಿರಣದ ದಾರಿಯಲ್ಲಿ ಹೋಗುವ ಕ್ಷಿಪಣಿ. ಅದರ ವ್ಯಾಪ್ತಿ ಸುಮಾರು 5.5 ಕಿಲೋಮೀಟರ್. ಬಿಟ್ಟವನು ಅದು ತಾಗುವ ತನಕ ಗುರಿ ಹಿಡಿದು ಕೂತಿರಬೇಕು. 2 ಕಿಲೋಮೀಟರ್ ದೂರಕ್ಕೆ ಏಳೆಂಟು ಸೆಕೆಂಡ್ ಬೇಕು. ಅಷ್ಟರಲ್ಲಿ ಅವನ ಕಣ್ಣಿಗೆ ಹೊಗೆ ಅಡ್ಡ ಬಂದರೆ, ಇಲ್ಲವೇ ಅವನ ಸುತ್ತ ಗುಂಡು ಬಿದ್ದು ಅವನು ತಲೆ ತಗ್ಗಿಸಿದರೆ, ಕ್ಷಿಪಣಿ ದಾರಿ ತಪ್ಪಬಹುದು. ಹೊಗೆ ಹಾಕಲ್ವಾ ಅಂತ ಅಳಿಯ ಕೇಳಿದ್ದು ಅದಕ್ಕೇ ಮುಖ್ಯವಾದ ಪ್ರಶ್ನೆ.

ಎರಡನೇ ಸಲ ಅವನು ಬೇರೆ ಥರ ಆಡಿದ. ಟ್ಯಾಂಕನ್ನು ಏರಿನ ಹಿಂದೆ ನಿಲ್ಲಿಸಿದ, ಗೋಪುರ ಮಾತ್ರ ಮೇಲೆ ಕಾಣುವ ಹಾಗೆ. ಇದಕ್ಕೆ ಹಲ್ ಡೌನ್ ಅನ್ನುತ್ತಾರೆ. ಇಬ್ಬರನ್ನು ಮಾತ್ರ ಹಳ್ಳದ ಒಳಗಿಂದ ನಿಧಾನಕ್ಕೆ ಮುಂದೆ ಕಳಿಸಿದ. ಅವರಿಗೆ ದಿಬ್ಬದ ಮೇಲೆ ಏನೋ ಅಲುಗಾಡಿದ್ದು ಕಂಡಿತು. ಆದರೆ ಟ್ಯಾಂಕಿನವರಿಗೆ ಕಾಣಲಿಲ್ಲ! ಈ ಆಟದಲ್ಲಿ ಒಬ್ಬ ಕಂಡದ್ದು ಎಲ್ಲರಿಗೂ ಕಂಡ ಹಾಗಲ್ಲ. ಸುದ್ದಿ ರೇಡಿಯೋದಲ್ಲೋ ಕೂಗಿಯೋ ದಾಟಬೇಕು, ದಾಟಿದರೂ ಮೊದಲು ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ. ಆಮೇಲೆ ಅವನು ಮಾರ್ಟರ್, ಅಂದರೆ ದೂರದಿಂದ ಗುಂಡು ಎಸೆಯುವ ಸಣ್ಣ ಫಿರಂಗಿ, ಕರೆದ. ಹಲವು ನಿಮಿಷ ಕಾಯಬೇಕು ಅಂತ ಸ್ಕ್ರೀನ್ ಹೇಳಿತು. ಮೊದಲು ಅಂದಾಜಿಗೆ ಒಂದೊಂದೇ ಗುಂಡು ಬಿತ್ತು. ವೀಕ್ಷಕ ನೋಡಿ ತಿದ್ದಿದ ಮೇಲೆ ನಿಜವಾದ ಸುರಿಮಳೆ. ಅಷ್ಟು ಹೊತ್ತು ಅಳಿಯ ಉಗುರು ಕಚ್ಚುತ್ತಾ ಕೂತಿದ್ದ. ಕಾಫಿ ಕುಡಿಯೋಕೆ ಬಂದಿದ್ದ ಹವಾಲ್ದಾರ್ ಅಂಕಲ್ ಇಣುಕಿ ನೋಡಿ, ‘ಹಾಂ, ಹಿಂಗೇ. ಅಲ್ಲಿ ಜಾಸ್ತಿ ಕಾಯೋದೇ ಕೆಲಸ’ ಅಂದರು.

ಕಾಣುವುದು, ಕಾಯುವುದು, ಹೆದರುವುದು. ಈ ಮೂರೂ ಇಲ್ಲದ ಆಟ ಎಷ್ಟು ಚೆಂದ ಕಂಡರೂ ನನ್ನ ಲೆಕ್ಕದಲ್ಲಿ ಸಿಮ್ಯುಲೇಷನ್ ಅಲ್ಲ. ಇದೇನು ಹೊಸ ವಿಚಾರವೂ ಅಲ್ಲ. 1824ರಲ್ಲಿ ಪ್ರಷ್ಯಾದ ಸೇನೆಯಲ್ಲಿ ರೈಸ್ವಿಟ್ಸ್ ಅನ್ನುವ ಅಧಿಕಾರಿ ‘ಕ್ರೀಗ್ಸ್‌ಷ್ಪೀಲ್’ ಅಂತ ಒಂದು ನಕ್ಷೆಯಾಟ ಮಾಡಿದರು. ಒಂದು ಸರದಿ ಅಂದರೆ ಎರಡು ನಿಮಿಷ. ಶತ್ರು ಎಲ್ಲಿದ್ದಾನೆ ಅನ್ನುವುದು ಆಡುವವರಿಗೆ ಕಾಣುತ್ತಿರಲಿಲ್ಲ, ಎಷ್ಟು ಹೇಳಬೇಕೋ ಅಷ್ಟನ್ನು ಮಾತ್ರ ತೀರ್ಪುಗಾರ ಹೇಳುತ್ತಿದ್ದ. ಸಣ್ಣ ಸಣ್ಣ ತುಂಡು ಇಟ್ಟುಕೊಂಡು ಆಡಿದ ಆ ಆಟದಲ್ಲಿ ಈ ಕ್ಯಾಂಪಿಗಿಂತ ಜಾಸ್ತಿ ನಿಜ ಇತ್ತು.

ಇನ್ನೊಂದು ವಿಷಯ. ಸೇನೆಯ ಸಿಮ್ಯುಲೇಟರ್ ತರಬೇತಿಯಲ್ಲಿ ಮುಖ್ಯ ಭಾಗ ಬರುವುದು ಆಟ ಮುಗಿದ ಮೇಲೆ. ನಡೆದದ್ದನ್ನು ಮತ್ತೆ ಓಡಿಸಿ, ಇಲ್ಲಿ ಯಾಕೆ ಹೀಗೆ ಮಾಡಿದೆ, ನಿನಗೆ ಆಗ ಏನು ಗೊತ್ತಿತ್ತು ಅಂತ ಕೇಳುತ್ತಾರೆ. ಕ್ಯಾಂಪಿನಲ್ಲಿ ಅದರ ಜಾಗಕ್ಕೆ ಸ್ಕೋರ್ ಬೋರ್ಡ್ ಬಂದಿತ್ತು. ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ-7 ರಾಕೆಟ್ ಒಂದೂವರೆ ಕಿಲೋಮೀಟರ್ ದೂರದ ಟ್ಯಾಂಕ್ ಹೊಡೆಯುತ್ತೆ ಅಂತಲೂ ಸರ್ ಹೇಳಿದರು. ಆ ರಾಕೆಟ್ ಸುಮಾರು 900 ಮೀಟರ್‌ಗೆ ತಾನಾಗೇ ಸಿಡಿಯುತ್ತದೆ. ಓಡುವ ಗುರಿಗೆ 300 ಮೀಟರ್ ದಾಟಿದರೆ ತಾಗಿಸುವುದು ಕಷ್ಟ.

ಊಟದ ನಂತರ ‘ಗಡಿಯ ನಿಜ ದೃಶ್ಯ’ ಅಂತ ಒಂದು ವಿಡಿಯೋ ಹಾಕಿದರು. ಕತ್ತಲು, ಮಸುಕು, ಅಲುಗಾಡುವ ಕ್ಯಾಮೆರಾ, ಒಬ್ಬ ಮನುಷ್ಯನೂ ಓಡಾಡುವುದು ಕಾಣಲ್ಲ. ನೋಡಿದ ಕೂಡಲೇ ಗೊತ್ತಾಯಿತು, ಅದೂ ಆಟದ ತುಣುಕೇ. ಆರ್ಮಾ 3ರ ದೃಶ್ಯಗಳನ್ನು ನಿಜವಾದ ಯುದ್ಧ ಅಂತ ಹಂಚುತ್ತಿದ್ದಾರೆ ಅಂತ ಬೊಹೀಮಿಯಾದವರೇ 2022ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟು, ಗುರುತಿಸುವ ಬಗೆ ಹೇಳಿದ್ದರು. ಮೇಲೆ ಬರೆದ ಲಕ್ಷಣಗಳೆಲ್ಲ ಅದರಲ್ಲಿದ್ದವು. 2025ರ ಮೇ ತಿಂಗಳಲ್ಲಿ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲೂ ಇಂಥವು ಹರಿದಾಡಿದವು, ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್‌ನವರು ಇದು ವಿಡಿಯೋ ಗೇಮ್ ಅಂತ ಹೇಳಬೇಕಾಯಿತು. ಹುಡುಗರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಪಾಪ.

ಈ ಕ್ಯಾಂಪಿನ ದೊಡ್ಡ ಗಾಳ ಅಂದರೆ ಸರ್ಟಿಫಿಕೇಟ್. ‘ಎಸ್‌ಎಸ್‌ಬಿಯಲ್ಲಿ ಇದು ಪ್ಲಸ್ ಪಾಯಿಂಟ್’ ಅಂತ ಅಕ್ಕನಿಗೆ ಹೇಳಿದ್ದರು. ಎಸ್‌ಎಸ್‌ಬಿ ಅಂದರೆ ಸೇನಾಧಿಕಾರಿಗಳನ್ನು ಆರಿಸುವ ಪ್ರಕ್ರಿಯೆ. ಅದು ಐದು ದಿನದ್ದು, ನಮ್ಮೂರಲ್ಲೇ ಸೆಲೆಕ್ಷನ್ ಸೆಂಟರ್ ಸೌತ್ ಇದೆ. ಅಲ್ಲಿ ಮನಶ್ಶಾಸ್ತ್ರದ ಪರೀಕ್ಷೆ, ಗುಂಪಿನ ಕೆಲಸ, ಸಂದರ್ಶನ ಇರುತ್ತವೆ. ಗುಂಪಿನ ಕೆಲಸದಲ್ಲಿ ಒಂದು ಮಾದರಿಯನ್ನು ಮುಂದಿಟ್ಟು, ಒಂದು ಕತೆ ಹೇಳಿ, ಇಷ್ಟು ಸಮಯ, ಇಷ್ಟು ಜನ, ಏನು ಮಾಡ್ತೀರಿ ಅಂತ ಕೇಳುತ್ತಾರೆ. ಕಂಪ್ಯೂಟರ್ ಆಟ ಎಲ್ಲೂ ಇಲ್ಲ. ಸರ್ಟಿಫಿಕೇಟ್ ನಿಜವಾಗಿ ಕೆಲಸಕ್ಕೆ ಬರುವುದು ಎನ್‌ಸಿಸಿಯ ‘ಸಿ’. ಅದಿದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದ ವಿಶೇಷ ಪ್ರವೇಶ ಇದೆ. ಅದಕ್ಕೆ ಕಾಲೇಜಿನಲ್ಲಿ ಬೆಳಿಗ್ಗೆ ಬೇಗ ಎದ್ದು ಪರೇಡ್ ಮಾಡಬೇಕು, ಅಷ್ಟೇ.

ದುಡ್ಡು ವಾಪಸ್ ಕೇಳೋಕೆ ಭಾವ ಹೋದರು. ‘ನಾನ್ ರಿಫಂಡಬಲ್, ಬೇಕಾದ್ರೆ ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀವಿ’ ಅಂದರಂತೆ. ಬಿಲ್ ಕೊಟ್ಟಿರಲಿಲ್ಲ. ಯುಪಿಐಯಲ್ಲಿ ದುಡ್ಡು ಹೋದದ್ದು ಸಂಸ್ಥೆಯ ಖಾತೆಗಲ್ಲ, ಯಾರದೋ ಸ್ವಂತ ಖಾತೆಗೆ. ನೀವು ಎಲ್ಲೇ ಕಟ್ಟಿ, ಮೊದಲು ಜಿಎಸ್‌ಟಿ ಬಿಲ್ ಕೇಳಿ. ಪೋಸ್ಟರ್, ವಾಟ್ಸ್ಆ್ಯಪ್‌ನಲ್ಲಿ ಕೊಟ್ಟ ಮಾತು, ಯುಪಿಐ ರಸೀದಿ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಕೋಚಿಂಗ್ ಹೆಸರಲ್ಲಿ ದಾರಿ ತಪ್ಪಿಸುವ ಜಾಹೀರಾತು ಕೊಡುವವರ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಹೆಸರಿಸಿಯೇ ದೂರು ಬರೆಯಿರಿ. ನಮ್ಮ ದೂರು ಇನ್ನೂ ನಡೆಯುತ್ತಿದೆ.

ಮಕ್ಕಳಿಗೆ ನಿಜವಾಗಿ ಆಸಕ್ತಿ ಇದ್ದರೆ ಆಟವನ್ನೇ ಕೊಡಿಸಿ. ಸೇಲ್ ಬಂದಾಗ ಕ್ಯಾಂಪಿನ ಫೀಸಿನಲ್ಲಿ ಚೂರು ಭಾಗಕ್ಕೆ ಸಿಗುತ್ತವೆ. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಟ್ಯಾಂಕ್ ಇಷ್ಟ ಅಂದರೆ ಸ್ಟೀಲ್ ಬೀಸ್ಟ್ಸ್ ಇದೆ, ನೌಕಾಪಡೆ ಮತ್ತು ವಿಮಾನದ ಹುಚ್ಚಿದ್ದರೆ ಕಮಾಂಡ್ ಮಾಡರ್ನ್ ಆಪರೇಷನ್ಸ್ ಇದೆ. ಎರಡೂ ಕಲಿಯೋಕೆ ತಿಂಗಳುಗಟ್ಟಲೆ ಬೇಕು, ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ಅದೇ ಕ್ಯಾಂಪಿನವರು ಹೊಸ ಹೆಸರಲ್ಲಿ ಪೋಸ್ಟರ್ ಬಿಟ್ಟಿದ್ದಾರೆ, ರಾಜಾಜಿನಗರದ ಗ್ರೂಪುಗಳಲ್ಲಿ ಓಡಾಡುತ್ತಿದೆ. ಫೀಸು 22,000, ಹಬ್ಬದ ರಿಯಾಯಿತಿ ಬೇರೆ. ಪೋಸ್ಟರ್ ನಡುವೆ ‘ಭಾರತದ ಟಿ-90 ಭೀಷ್ಮ’ ಅಂತ ದಪ್ಪಕ್ಷರದಲ್ಲಿ ಬರೆದು ಒಂದು ಟ್ಯಾಂಕ್ ಚಿತ್ರ ಹಾಕಿದ್ದಾರೆ. ಚಿತ್ರದಲ್ಲಿರುವುದು ಅಮೆರಿಕದ ಏಬ್ರಾಮ್ಸ್. ಈ ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಅದು ಅವರೇ.