ಔಷಧಿ ಚೀಟಿಯಿಂದ ಮಾತ್ರೆ ತೆಗೆಯುವುದನ್ನು ಕಲಿಸಿದ ಆರು ತಿಂಗಳು: ವೃದ್ಧರ ಆರೈಕೆಯ ಕೋರ್ಸ್ ಕುರಿತು ಒಬ್ಬ ವೈದ್ಯನ ವಿಮರ್ಶೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೆಂಚಿನ ಮೇಲೆ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು. ಅವರಲ್ಲಿ ಬಹುಪಾಲು ಜನರ ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ನಾವು ಎಂಬಿಬಿಎಸ್ ಓದಿದ ಕಾಲದಲ್ಲಿ ಮಕ್ಕಳ ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗ, ಪ್ರತ್ಯೇಕ ಪರೀಕ್ಷೆ ಎಲ್ಲವೂ ಇದ್ದವು, ವೃದ್ಧರ ವೈದ್ಯಕೀಯಕ್ಕೆ ಒಂದು ಇಡೀ ದಿನವೂ ಇರಲಿಲ್ಲ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲೇ ಈ ವಿಷಯದಲ್ಲಿ ಎಂ.ಡಿ. ಆರಂಭವಾಗಿದ್ದರೂ ಅದರ ಗಾಳಿ ನಮ್ಮಂಥ ಸಾಮಾನ್ಯ ವೈದ್ಯರವರೆಗೆ ಬೀಸಲಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಬೇಕೆಂದೇ ಕಳೆದ ವರ್ಷ ವೃದ್ಧರ ಆರೈಕೆ ಮತ್ತು ದೀರ್ಘಕಾಲದ ಕಾಯಿಲೆಗಳ ನಿರ್ವಹಣೆಯ ಬಗ್ಗೆ ವೈದ್ಯರಿಗಾಗಿ ನಡೆಯುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸೇರಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಕೋರ್ಸ್‌ನಿಂದ ಏನು ಸಿಗಬಹುದು, ಏನು ಸಿಗಲಿಲ್ಲ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ಈ ಗಂಟೆಗಳನ್ನು ನಾನೂ ವರ್ಷಗಟ್ಟಲೆ ಭಾನುವಾರದ ಸಿಎಂಇಗಳಲ್ಲಿ (ವೈದ್ಯರ ಮುಂದುವರಿದ ಶಿಕ್ಷಣದ ಸಭೆಗಳಲ್ಲಿ) ಕೂಡಿಸಿಕೊಂಡಿದ್ದೇನೆ. ಅಲ್ಲಿ ಸಾಮಾನ್ಯವಾಗಿ ಹೊಸದಾಗಿ ಬಂದ ಔಷಧಿಯ ಬಗ್ಗೆ, ಅಂದರೆ ಚೀಟಿಗೆ ಇನ್ನೊಂದು ಮಾತ್ರೆ ಸೇರಿಸುವುದರ ಬಗ್ಗೆ ಕೇಳಿಸಿಕೊಂಡು ಬರುತ್ತೇವೆ. ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ಯಾರಾದರೂ ಇಡೀ ದಿನ ಕುಳಿತು ಕಲಿಸಿದ್ದು ನನ್ನ ಅನುಭವದಲ್ಲಿ ಈ ಕೋರ್ಸ್‌ನಲ್ಲಿಯೇ ಮೊದಲು.

ಕೋರ್ಸ್‌ನ ರಚನೆ ಸರಳವಾಗಿದೆ. ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಎರಡು ಗಂಟೆಯ ಆನ್‌ಲೈನ್ ತರಗತಿ, ನಡುವೆ ಮತ್ತು ಕೊನೆಯಲ್ಲಿ ಆಸ್ಪತ್ರೆಯಲ್ಲಿ ತಲಾ ಎರಡು ದಿನಗಳ ಪ್ರಾಯೋಗಿಕ ತರಬೇತಿ, ಆಮೇಲೆ ಒಂದು ಪರೀಕ್ಷೆ. ಶುಲ್ಕ 18,000 ರೂಪಾಯಿ. ಪ್ರಯಾಣ, ವಸತಿ ಬೇರೆ. ಆನ್‌ಲೈನ್ ತರಗತಿಗಳಲ್ಲಿ ಮೂರ್ನಾಲ್ಕನ್ನು ಬಿಟ್ಟರೆ ಉಳಿದವು ಸಾಧಾರಣ. ಪುಸ್ತಕದಲ್ಲಿರುವುದನ್ನೇ ಪರದೆಯ ಮೇಲೆ ಓದಿ ಹೇಳಿದರು. ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಆ ನಾಲ್ಕು ಪ್ರಾಯೋಗಿಕ ದಿನಗಳಲ್ಲಿ.

ಮೊದಲ ದಿನ ಪ್ರತಿಯೊಬ್ಬರೂ ತಮ್ಮದೇ ರೋಗಿಯೊಬ್ಬರ ಚೀಟಿಯನ್ನು ತರಬೇಕೆಂದು ತಿಳಿಸಿದ್ದರು. ನಾನು ಕೊಂಡೊಯ್ದದ್ದು 78 ವರ್ಷದ, 42 ಕಿಲೋ ತೂಕದ ಒಬ್ಬ ಅಜ್ಜಿಯ ಚೀಟಿ. ಅದರಲ್ಲಿ ಒಂಬತ್ತು ಬಗೆಯ ಮಾತ್ರೆಗಳಿದ್ದವು, ಮೂವರು ವೈದ್ಯರ ಕೈಬರಹವಿತ್ತು, ಆ ಮೂವರಲ್ಲಿ ನಾನೂ ಒಬ್ಬ. ಪಾಠ ಮಾಡುತ್ತಿದ್ದ ಹಿರಿಯ ವೈದ್ಯೆ ಒಂದೊಂದು ಮಾತ್ರೆಯ ಮುಂದೆ ಅದು ಯಾವ ಕಾಯಿಲೆಗೆಂದು ನೀಲಿ ಶಾಯಿಯಲ್ಲಿ ಬರೆಯಲು ಹೇಳಿದರು. ಇನ್ನೊಂದು ಮಾತ್ರೆಯಿಂದಾದ ತೊಂದರೆಗೆ ಕೊಟ್ಟದ್ದಾದರೆ ಕೆಂಪು ಶಾಯಿಯಲ್ಲಿ. ಬಿಪಿಗೆಂದು ಅಮ್ಲೋಡಿಪಿನ್ 10 ಮಿಲಿಗ್ರಾಂ. ಅದರಿಂದ ಕಾಲು ಊದಿಕೊಂಡಿತ್ತು, ಊತಕ್ಕೆಂದು ನೀರು ತೆಗೆಯುವ ಮಾತ್ರೆ. ಅದರಿಂದ ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿನ ಬಚ್ಚಲಿಗೆ ಹೋಗಬೇಕಾಗಿತ್ತು. ಕಾಲುರಿಗೆಂದು ದಿನಕ್ಕೆ ಮೂರು ಸಲ 75 ಮಿಲಿಗ್ರಾಂ ಪ್ರಿಗಾಬಾಲಿನ್, ಅದರಿಂದ ತಲೆಸುತ್ತು; ತಲೆಸುತ್ತಿಗೆಂದು ಪ್ರೊಕ್ಲೋರ್‌ಪೆರಾಜಿನ್, ಅದನ್ನು ತಿಂಗಳುಗಟ್ಟಲೆ ನುಂಗಿದ್ದರಿಂದ ಕೈ ನಡುಕ ಮತ್ತು ನಡಿಗೆಯ ನಿಧಾನ. ಆ ನಡುಕಕ್ಕೆ ಪಾರ್ಕಿನ್ಸನ್ ಕಾಯಿಲೆಯ ಮಾತ್ರೆ ಬರೆಯಬೇಕೇ ಎಂದು ಹಿಂದಿನ ತಿಂಗಳಷ್ಟೇ ನಾನು ಯೋಚಿಸುತ್ತಿದ್ದೆ. ಹಾಳೆ ನೋಡಿದರೆ ನೀಲಿಯಷ್ಟೇ ಕೆಂಪೂ ಇತ್ತು.

ಅಲ್ಲಿಗೇ ಬಿಡದೆ ಅವರು ಮೂತ್ರಪಿಂಡದ ಲೆಕ್ಕವನ್ನೂ ಮಾಡಿಸಿದರು. ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಅಜ್ಜಿಗೆ 1.1, ಲ್ಯಾಬ್ ವರದಿಯಲ್ಲಿ ಅದರ ಪಕ್ಕ ಯಾವ ಗುರುತೂ ಇರಲಿಲ್ಲ, ಹಾಗಾಗಿ ನಾನು ನಿಶ್ಚಿಂತನಾಗಿದ್ದೆ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಣ್ಣಾದ್ದರಿಂದ 0.85ರಿಂದ ಗುಣಿಸಿದಾಗ ಬಂದ ಉತ್ತರ, ಅಂದರೆ ಮೂತ್ರಪಿಂಡ ರಕ್ತ ಸೋಸುವ ವೇಗ, ನಿಮಿಷಕ್ಕೆ ಸುಮಾರು 28 ಮಿಲಿಲೀಟರ್, ತೀರಾ ಕಡಿಮೆ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಕೊಟ್ಟ ಈ ಸೂತ್ರ ನಮಗೆಲ್ಲ ಪಾಠವಾಗಿಯೇ ಇದೆ, ಆದರೆ ಹೊರರೋಗಿಗಳ ಗದ್ದಲದಲ್ಲಿ ಅದನ್ನು ಹಾಕಿ ನೋಡುವವರು ಎಷ್ಟು ಮಂದಿ? ಹೊಸ ಸೂತ್ರಗಳಲ್ಲಿ ಉತ್ತರ ಇನ್ನಷ್ಟು ಹೆಚ್ಚು ಬರುತ್ತದೆ ನಿಜ. ಆದರೆ ಪ್ರಿಗಾಬಾಲಿನ್‌ನಂಥ ಔಷಧಿಗಳ ಪ್ರಮಾಣದ ಪಟ್ಟಿಗಳು ನಿಂತಿರುವುದು ಈ ಹಳೆಯ ಲೆಕ್ಕದ ಮೇಲೆಯೇ. ಆ ಪಟ್ಟಿಯ ಪ್ರಕಾರ ಅಜ್ಜಿಗೆ ದಿನಕ್ಕೆ 150 ಮಿಲಿಗ್ರಾಂ ಗರಿಷ್ಠ. ನಾವು ಕೊಡುತ್ತಿದ್ದದ್ದು 225.

ಊರಿಗೆ ಮರಳಿದ ಮೇಲೆ ಮೂರು ತಿಂಗಳಲ್ಲಿ, ಒಂದು ಸಲಕ್ಕೆ ಒಂದೇ ಔಷಧಿಯಂತೆ, ನಿಧಾನವಾಗಿ ಇಳಿಸುತ್ತ ಒಂಬತ್ತನ್ನು ಐದಕ್ಕೆ ತಂದೆವು. ಈಗ ಅಜ್ಜಿ ರಾತ್ರಿ ಒಂದು ಸಲ ಮಾತ್ರ ಏಳುತ್ತಾರೆ, ಕಾಫಿ ಲೋಟವನ್ನು ಚೆಲ್ಲದೆ ಹಿಡಿಯುತ್ತಾರೆ. ಪ್ರಿಗಾಬಾಲಿನ್ ಅನ್ನು ಒಮ್ಮೆಲೇ ನಿಲ್ಲಿಸಬಾರದು, ಹಂತಹಂತವಾಗಿಯೇ ಬಿಡಿಸಬೇಕು ಎಂಬ ಎಚ್ಚರವನ್ನೂ ತರಗತಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಇದನ್ನು ಓದುವ ರೋಗಿಗಳು ಮತ್ತು ಮನೆಯವರು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ತಾವಾಗಿಯೇ ಬಿಡಬಾರದೆಂದು ಇಲ್ಲಿಯೇ ವಿನಂತಿಸುತ್ತೇನೆ.

ಎರಡನೆಯ ದಿನ ಬೀಳುವಿಕೆಯ ಬಗ್ಗೆ. ರೋಗಿ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಲೆಕ್ಕ. ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿದಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ತಲೆಸುತ್ತಿನ ಕಾರಣ ಅಲ್ಲಿಯೇ ಸಿಕ್ಕಂತೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ನನ್ನ ಕ್ಲಿನಿಕ್‌ನ ಪಡಸಾಲೆಯಲ್ಲಿ ಈಗ ಮೂರು ಮೀಟರ್‌ಗೆ ಬಿಳಿ ಬಣ್ಣದ ಗೆರೆ ಎಳೆಸಿದ್ದೇನೆ. "ಅಜ್ಜಾ, ಕೈ ಊರದೆ ಏಳಿ ನೋಡೋಣ" ಎಂದರೆ ಎಷ್ಟೋ ಮಂದಿಗೆ ಆಗುವುದಿಲ್ಲ, ಮತ್ತು ಅಷ್ಟು ವರ್ಷ ಅವರ ನಾಡಿ ಹಿಡಿದ ನನಗೆ ಅದು ಗೊತ್ತಿರಲಿಲ್ಲ.

ಈ ಕೋರ್ಸ್‌ನ ಅತ್ಯುತ್ತಮ ಪಾಠವನ್ನು ಮಾಡಿದವರು ವೈದ್ಯರಲ್ಲ, ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ಒಬ್ಬ ನರ್ಸ್. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬನ್ನು ಎಲ್ಲಿ ಇಡಬೇಕು, ಲಕ್ವ ಹೊಡೆದವರಿಗೆ ಗಂಜಿ ಕುಡಿಸುವಾಗ ಬೆನ್ನು ಎಷ್ಟು ನೇರವಿರಬೇಕು ಎಂಬುದನ್ನೆಲ್ಲ ಅವರು ನಮ್ಮನ್ನೇ ಮಂಚದ ಮೇಲೆ ಮಲಗಿಸಿ ತೋರಿಸಿದರು. ಇದಕ್ಕೆ ಕೊಟ್ಟದ್ದು ಒಂದು ಗಂಟೆ ಮಾತ್ರ. ಒಂದು ಇಡೀ ದಿನ ಕೊಡಬೇಕಾಗಿತ್ತು, ಏಕೆಂದರೆ ಮನೆಗೆ ಹೋಗಿ ಸೊಸೆಗೋ ಮಗಳಿಗೋ ಇದನ್ನು ಹೇಳಿಕೊಡಬೇಕಾದವರು ಕೊನೆಗೆ ನಾವೇ.

ಸಕ್ಕರೆ ಕಾಯಿಲೆಯ ಪಾಠವೂ ಚೆನ್ನಾಗಿತ್ತು. ಹಲವು ಕಾಯಿಲೆಗಳಿರುವ ವೃದ್ಧರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಕೆಳಗಿದ್ದರೆ ಸಾಕು, ಯುವಕರಂತೆ ಅದನ್ನು ಹಿಂಡಿ ಇಳಿಸಿದರೆ ಶುಗರ್ ಕುಸಿದು ಆಗುವ ಹಾನಿಯೇ ದೊಡ್ಡದು, ಸಕ್ಕರೆ ಇಳಿಸುವ ಮಾತ್ರೆಯಾದ ಗ್ಲಿಬೆನ್‌ಕ್ಲಮೈಡ್ ಅನ್ನು ಈ ವಯಸ್ಸಿನಲ್ಲಿ ದೂರವಿಡಬೇಕು ಎಂಬುದನ್ನು ನಿದರ್ಶನಗಳೊಂದಿಗೆ ವಿವರಿಸಿದರು. ರಂಜಾನ್ ಉಪವಾಸದಲ್ಲಿ ಔಷಧಿಯನ್ನು ಹೇಗೆ ಹೊಂದಿಸಬೇಕೆಂದು ಹೇಳಿಕೊಟ್ಟದ್ದು ನಿಜಕ್ಕೂ ಉಪಯುಕ್ತ. ಆದರೆ ಏಕಾದಶಿಯ ಉಪವಾಸದ ಬಗ್ಗೆ, ವಾರಕ್ಕೊಂದು ದಿನ ಒಪ್ಪೊತ್ತು ಮಾಡುವ ಅಜ್ಜಿಯರ ಬಗ್ಗೆ ಒಂದು ಮಾತೂ ಬರಲಿಲ್ಲ. ನಮ್ಮ ಕಡೆ ಶುಗರ್ ಇಳಿದು ಬೆವರಿ ಬರುವವರಲ್ಲಿ ಅವರೂ ಇರುತ್ತಾರೆ, ಮತ್ತು ಕೇಳದ ಹೊರತು ತಾವಾಗಿ ಹೇಳುವುದಿಲ್ಲ.

ನನ್ನ ದೊಡ್ಡ ಅಸಮಾಧಾನ ಮರೆವಿನ ಕಾಯಿಲೆಯ ಪಾಠದ ಬಗ್ಗೆ. "ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಂಬಿಕೊಂಡು ಮನೆಯವರು ಮೂರ್ನಾಲ್ಕು ವರ್ಷ ಸುಮ್ಮನಿದ್ದು ಆಮೇಲೆ ಕರೆತರುವ ನಾಡು ನಮ್ಮದು. ಅಂಥಲ್ಲಿ ತರಗತಿಯಲ್ಲಿ ಕಲಿಸಿದ್ದು ಮೂರು ಪದಗಳನ್ನು ನೆನಪಿಟ್ಟುಕೊಂಡು ಗಡಿಯಾರದ ಚಿತ್ರ ಬಿಡಿಸುವ ಪರೀಕ್ಷೆಯನ್ನು, ಅದೂ ಇಂಗ್ಲಿಷಿನಲ್ಲಿ. ಶಾಲೆಗೇ ಹೋಗದ, ಕೈಯಲ್ಲಿ ಪೆನ್ಸಿಲ್ ಹಿಡಿಯದ ನನ್ನ ರೋಗಿಗೆ ಗಡಿಯಾರ ಬಿಡಿಸಲು ಬಾರದಿದ್ದರೆ ಅದು ಮರೆವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿರುವ ಅರಿವಿನ ಪರೀಕ್ಷೆಗಳ ಕಟ್ಟು ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿದೆ, ನಿಮ್ಹಾನ್ಸ್ ಇರುವುದೂ ಬೆಂಗಳೂರಿನಲ್ಲೇ. ಹೀಗಿರುವಾಗ ಕನ್ನಡದ ಸಾಧನವನ್ನು ಕೈಗೆ ಕೊಟ್ಟು ಅಭ್ಯಾಸ ಮಾಡಿಸದಿರುವುದಕ್ಕೆ ನೆಪವಿಲ್ಲ. ಇದೇ ಪಾಠದಲ್ಲಿ ರಕ್ತದಲ್ಲಿನ ಉಪ್ಪಿನಂಶ, ಅಂದರೆ ಸೋಡಿಯಂ ಇಳಿಯುವುದರ ಬಗ್ಗೆ ಎರಡೇ ವಾಕ್ಯಗಳಿದ್ದವು. ಬಿಪಿಗೆ ಮೂತ್ರದಲ್ಲಿ ಉಪ್ಪನ್ನು ಹೊರಹಾಕುವ ಥಯಾಜೈಡ್ ಮಾತ್ರೆ ನುಂಗುತ್ತ, ಯಾರೋ ಹೇಳಿದರೆಂದು ಉಪ್ಪನ್ನೂ ಪೂರ್ತಿ ಬಿಟ್ಟು, ಜ್ವರ ಬಂದಾಗ ನಾಲ್ಕು ದಿನ ಸಪ್ಪೆ ಗಂಜಿಯಲ್ಲೇ ಇದ್ದವರು ಒಮ್ಮೆಲೇ ತಪ್ಪುತಪ್ಪು ಮಾತಾಡತೊಡಗಿದರೆ ಅದನ್ನು ಮರೆವೆಂದೋ ಗಾಳಿ ಸೋಕಿದೆಯೆಂದೋ ತಿಳಿಯುವ ಮನೆಗಳನ್ನು ನಾನು ನೋಡಿದ್ದೇನೆ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗಿ ವಾರದಲ್ಲಿ ಸರಿಹೋಗಬಲ್ಲ ಸಂಗತಿ ಅದು.

ಇನ್ನು ಕೊನೆಗಾಲದ ಆರೈಕೆ. "ಐಸಿಯುಗೆ ಹಾಕಬೇಕಾ ಡಾಕ್ಟ್ರೇ, ಮನೆಗೇ ಕರ್ಕೊಂಡು ಹೋಗೋದಾ?" ಎಂದು ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರಿಸುವುದು ನಮ್ಮ ಕೆಲಸದ ಅತಿ ಕಷ್ಟದ ಭಾಗ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ, ಅದರ ವಿಧಾನವನ್ನು 2023ರಲ್ಲಿ ಸರಳಗೊಳಿಸಿದೆ. ಕಾನೂನಿನ ಈ ಭಾಗವನ್ನು ನಲವತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಮಾತನ್ನು ಹೇಗೆ ಆರಂಭಿಸಬೇಕು, ಫೋನಿನಲ್ಲಿರುವ ಮಗ ಒಂದು ಹೇಳಿ ಪಕ್ಕದಲ್ಲಿರುವ ಮಗಳು ಇನ್ನೊಂದು ಹೇಳಿದಾಗ ಏನು ಮಾಡಬೇಕು ಎಂಬುದನ್ನು ಮುಟ್ಟಲಿಲ್ಲ.

ನಿರ್ವಹಣೆಯಲ್ಲೂ ಲೋಪಗಳಿದ್ದವು. ಎರಡು ಆನ್‌ಲೈನ್ ತರಗತಿಗಳ ಮೊದಲ ಅರ್ಧ ಗಂಟೆ ಔಷಧಿ ಕಂಪನಿಯೊಂದರ ಪ್ರಚಾರಕ್ಕೆ ಹೋಯಿತು. ಶುಲ್ಕ ಕಟ್ಟಿ ಸೇರಿದವರಿಗೆ ಇದು ಅನ್ಯಾಯ, ಅದರಲ್ಲೂ ಮಾತ್ರೆ ಕಡಿಮೆ ಮಾಡುವುದನ್ನು ಕಲಿಸುವ ಕೋರ್ಸ್‌ನಲ್ಲಿ ಇದು ಸಲ್ಲದು. ಪ್ರಮಾಣಪತ್ರ ಕೈಸೇರಲು ನಾಲ್ಕು ತಿಂಗಳಾಯಿತು, ಬಂದಾಗ ನೋಂದಣಿ ಸಂಖ್ಯೆ ತಪ್ಪಾಗಿತ್ತು. ಪರೀಕ್ಷೆ ಪೂರ್ತಿ ಬಹುಆಯ್ಕೆಯ ಪ್ರಶ್ನೆಗಳದ್ದು. ರೋಗಿಯನ್ನು ಎದ್ದು ನಿಲ್ಲಿಸಿ ಬಿಪಿ ನೋಡಲು ಬರುತ್ತದೆಯೇ ಎಂದು ಯಾರೂ ನೋಡಲಿಲ್ಲ.

ಇಷ್ಟಾದರೂ ಸೇರಬೇಕೇ ಎಂದು ಕೇಳುವ ಸಹೋದ್ಯೋಗಿಗಳಿಗೆ ಸೇರಿ ಎಂದೇ ಹೇಳುತ್ತೇನೆ, ಆದರೆ ಕೋರ್ಸ್ ಆರಿಸುವಾಗ ಪ್ರಾಯೋಗಿಕ ದಿನಗಳು ಎಷ್ಟಿವೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಪೂರ್ತಿ ಆನ್‌ಲೈನ್ ಆಗಿರುವುದಕ್ಕೆ ಹಣ ಕಟ್ಟಬೇಡಿ. ಸರ್ಕಾರಿ ಸೇವೆಯಲ್ಲಿರುವವರಿಗೆ ಇದರ ಅಗತ್ಯ ಇನ್ನೂ ಹೆಚ್ಚು: 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್ ನಡೆಯಬೇಕು, ಅದನ್ನು ನಡೆಸುವವರಿಗೆ ತರಬೇತಿ ಇರಬೇಕು. ಹಿರಿಯರ ಸಹಾಯವಾಣಿ 14567, 70 ದಾಟಿದವರಿಗೆ 2024ರಿಂದ ವಿಸ್ತರಿಸಿದ ಆಯುಷ್ಮಾನ್ ಕಾರ್ಡ್, ಇವುಗಳ ಮಾಹಿತಿಯನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಟ್ಟಿದ್ದರು. ಅದನ್ನು ಕ್ಲಿನಿಕ್ ಗೋಡೆಗೆ ಅಂಟಿಸಿದ್ದೇನೆ, ದಿನಕ್ಕೆ ಒಬ್ಬಿಬ್ಬರಾದರೂ ಅದರ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಹೋಗುವವರು ಒಂದಲ್ಲ, ಹತ್ತು ಚೀಟಿಗಳನ್ನು ಕೊಂಡೊಯ್ಯಿರಿ. ಜೊತೆಗೆ ಪ್ರತಿ ರೋಗಿಯ ತೂಕ ಮತ್ತು ಇತ್ತೀಚಿನ ಕ್ರಿಯಾಟಿನಿನ್ ಬರೆದುಕೊಂಡಿರಿ, ನಾಟಿ ಔಷಧಿ ಮತ್ತು ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವ ನೋವಿನ ಮಾತ್ರೆಗಳನ್ನೂ ಕೇಳಿ ಸೇರಿಸಿಕೊಳ್ಳಿ. ಮೊದಲ ದಿನದ ಮಧ್ಯಾಹ್ನದ ವಿರಾಮದಲ್ಲಿ ಆ ಹಿರಿಯ ವೈದ್ಯೆ ನಮ್ಮ ಪಕ್ಕದಲ್ಲೇ ಕುಳಿತು, ತಂದಷ್ಟೂ ಚೀಟಿಗಳನ್ನು ಒಂದೊಂದಾಗಿ ನೋಡಿದರು. ನನ್ನ ಬಳಿ ಒಂದೇ ಇತ್ತು.